ಪ್ರತಿಭೆಗೆ ಹೆತ್ತವರ ಹೆಗಲು

ಡಾಕ್ಟರ್ ಇಲ್ಲವೇ ಇಂಜಿನಿಯರ್. ನಮ್ಮಲ್ಲಿ ಅನೇಕ ಹೆತ್ತವರ ಕನಸು ಈ ಎರಡು ಪದಗಳಲ್ಲೇ ಮುಗಿದು ಬಿಡುತ್ತದೆ. ಎಸೆಸೆಲ್ಸಿ ಮುಗಿಸಿದ ಮಗಳು ಚಿತ್ರಕಲೆ ಕಲಿಯುತ್ತೇನೆಂದರೆ ಮನೆಯಲ್ಲಿ ಮೌನ ಆವರಿಸುತ್ತದೆ. ಬಳಗಾನೂರಿನಂಥ ಸಣ್ಣ ಪಟ್ಟಣದಲ್ಲಿ ಆ ಮೌನ ಇನ್ನಷ್ಟು ಗಾಢ. ಸಲಹೆ ಕೇಳೋಣವೆಂದರೆ ಆ ದಾರಿಯಲ್ಲಿ ನಡೆದವರು ನೆರೆಹೊರೆಯಲ್ಲಿ ಸಿಗುವುದು ಅಪರೂಪ. ನಾಳೆ ಹೊಟ್ಟೆಪಾಡು ಹೇಗೆ ಎಂಬ ಹೆತ್ತವರ ಆತಂಕವನ್ನು ನಾವು ತಪ್ಪೆನ್ನಲಾರೆವು.

ಆದರೆ ಆ ಆತಂಕವನ್ನು ಒಂಟಿಯಾಗಿ ಹೊರಬೇಕಾಗಿಲ್ಲ. ಕಾಲೇಜು ಯಾವುದು, ಶುಲ್ಕವೆಷ್ಟು, ಹಾಸ್ಟೆಲ್ ಸುರಕ್ಷಿತವೇ, ಕಲಿತವರು ಈಗೇನು ಮಾಡುತ್ತಿದ್ದಾರೆ ಎಂಬುದನ್ನು ಬಳಗಾನೂರಿನ ತಾಯಿ ಕಲಬುರಗಿಯ ತಾಯಿಯೊಡನೆ ಮೊಬೈಲಿನಲ್ಲೇ ಚರ್ಚಿಸಬಹುದು. ಮದುವೆಯ ಆಮಂತ್ರಣ, ಹಬ್ಬದ ಶುಭಾಶಯ ಹೊತ್ತು ತರುವ ವಾಟ್ಸ್‌ಆ್ಯಪ್ ಗುಂಪು ಇದಕ್ಕೇಕೆ ಬಳಕೆಯಾಗಬಾರದು?

2025ರಲ್ಲಿ ಅಂತಾರಾಷ್ಟ್ರೀಯ ಬೂಕರ್ ಗೆದ್ದ ಬಾನು ಮುಷ್ತಾಕ್‌ರನ್ನು ಎಂಟರ ವಯಸ್ಸಿನಲ್ಲಿ ಶಿವಮೊಗ್ಗದ ಕನ್ನಡ ಶಾಲೆಗೆ ಸೇರಿಸಿದವರು ಅವರ ತಂದೆ. 2023ರಲ್ಲಿ ಪದ್ಮಶ್ರೀ ಪಡೆದ ಬೀದರ್‌ನ ಶಾ ರಶೀದ್ ಅಹ್ಮದ್ ಖಾದ್ರಿಯವರಿಗೆ ಬಿದರಿ ಕಲೆ ದಕ್ಕಿದ್ದೂ ತಂದೆಯಿಂದಲೇ. ಪ್ರಶಸ್ತಿ ಎಲ್ಲರಿಗೂ ಸಿಗುವುದಿಲ್ಲ. ಆದರೆ ಹೆತ್ತವರ ಬೆಂಬಲ ಪ್ರತಿ ಮಗುವಿನ ಹಕ್ಕು.

ಒಂದು ಎಚ್ಚರಿಕೆಯೂ ಅಗತ್ಯ. ಹೆತ್ತವರ ಈ ಗೆಳೆತನ ಮಕ್ಕಳನ್ನು ತೂಗಿ ನೋಡುವ ತಕ್ಕಡಿಯಾಗಬಾರದು. ಮಗನ ಚಿತ್ರವನ್ನು, ಮಗಳ ಕವಿತೆಯನ್ನು ಅವರನ್ನು ಕೇಳದೆ ಗುಂಪಿಗೆ ಹಾಕುವುದೂ ಸರಿಯಲ್ಲ.

ಮಗುವಿನ ಕೈಯಿಂದ ಕುಂಚ ಕಸಿಯುವ ಮೊದಲು, ಅದೇ ಚಿಂತೆಯಲ್ಲಿರುವ ಇನ್ನೊಂದು ಮನೆಗೆ ನಾವೊಂದು ಕರೆ ಮಾಡಬಾರದೇ?