ದೊಡ್ಡ ಟಯರ್ ಹಾಕಿದರೆ ಎಲೆಕ್ಟ್ರಿಕ್ ಗೂಡ್ಸ್ ಗಾಡಿ ಹೆಚ್ಚು ಲೋಡ್ ಹೊರುತ್ತದೆಯೇ?

ಪಾವಗಡದಿಂದ ಮಧುಗಿರಿ, ಕೊರಟಗೆರೆ ದಾಟಿ ತುಮಕೂರಿಗೆ ಸುಮಾರು 100 ಕಿಲೋಮೀಟರ್. ಕಡಲೆಕಾಯಿ, ಹುಣಸೆಹಣ್ಣು, ದಾಳಿಂಬೆ ಹೇರಿಕೊಂಡು ಹೋಗುವ ಡೀಸೆಲ್ ಗಾಡಿಗೆ ಇದೊಂದು ದೂರವೇ ಅಲ್ಲ, ದಾರಿಯುದ್ದಕ್ಕೂ ಬಂಕ್‌ಗಳಿವೆ. ಎಲೆಕ್ಟ್ರಿಕ್ ಗಾಡಿಯವರ ಪಾಡು ಬೇರೆ. ಎಂಟು-ಹತ್ತು ಕಿಲೋಮೀಟರ್ ಕಡಿಮೆ ಬಂದರೂ ಮಂಡಿ ಮುಟ್ಟುವುದೇ ಅನುಮಾನವಾಗುತ್ತದೆ. ಪಾವಗಡದ ಸೋಲಾರ್ ಪಾರ್ಕಿನ ಸಾಮರ್ಥ್ಯ 2,050 ಮೆಗಾವಾಟ್ ಇರಬಹುದು, ಆದರೆ ದಾರಿಯಲ್ಲಿ ನಿಂತ ಗಾಡಿಗೆ ಲೆಕ್ಕಕ್ಕೆ ಬರುವುದು ಅದರ ಬ್ಯಾಟರಿಯಲ್ಲಿ ಉಳಿದ ಕರೆಂಟ್ ಮಾತ್ರ.

ಟಾಟಾ ಏಸ್ ಇವಿ ಬಿಡುಗಡೆಯಾಗಿದ್ದು 2022ರ ಮೇ ತಿಂಗಳಲ್ಲಿ. 21.3 ಯೂನಿಟ್ ಬ್ಯಾಟರಿ, 600 ಕೆ.ಜಿ. ಲೋಡ್, ಕಂಪನಿ ಹೇಳಿದ ರೇಂಜ್ 154 ಕಿ.ಮೀ. 2024ರಲ್ಲಿ 1 ಟನ್ ಹೊರುವ ಮಾದರಿಯೂ ಬಂತು. ಲೋಡ್ ಹಾಕಿ ಗುಂಡಿ ರಸ್ತೆಯಲ್ಲಿ ಓಡಿಸಿದಾಗ ಕಂಪನಿಯ ಅಂಕಿ ಕೈಗೆ ಸಿಗುವುದಿಲ್ಲ, ಅದು ಓಡಿಸುವವರಿಗೆಲ್ಲ ಗೊತ್ತು. ಇಂಥ ಗಾಡಿಗಳ ಮೊದಲ ಟಯರ್‌ಗಳು ಸವೆದು ಬದಲಿಸುವ ಹೊತ್ತಿಗೆ ಅಂಗಡಿಯಲ್ಲಿ ಒಂದು ಸಲಹೆ ಸಿಗುತ್ತದೆ: "ಒಂದು ಸೈಜ್ ದೊಡ್ಡದು ಹಾಕ್ಸಿ ಅಣ್ಣ, ಲೋಡ್‌ಗೆ ಗಟ್ಟಿ." ಈ ಮಾತು ನಿಜವೇ?

ಭಾರ ಹೊರುವುದು ಗಾಳಿ

ಟಯರ್ ಎಷ್ಟು ಭಾರ ತಾಳುತ್ತದೆ ಎನ್ನುವುದು ಅದರೊಳಗೆ ಎಷ್ಟು ಗಾಳಿ, ಎಷ್ಟು ಒತ್ತಡದಲ್ಲಿ ನಿಲ್ಲುತ್ತದೆ ಎಂಬುದನ್ನು ಅವಲಂಬಿಸಿದೆ. ಆ ಒತ್ತಡವನ್ನು ಹಿಡಿದಿಡುವುದು ರಬ್ಬರ್ ಮತ್ತು ಒಳಗಿನ ಪದರಗಳ ಕೆಲಸ. ಹಾಗಾಗಿ ನೋಡಿದರೆ ದಪ್ಪಗೆ ಕಾಣುವ ಟಯರೇ ಹೆಚ್ಚು ಹೊರುತ್ತದೆ ಎಂದೇನೂ ಇಲ್ಲ. ಟಯರ್‌ನ ಮಗ್ಗುಲಲ್ಲಿ ಅಳತೆಯ ಪಕ್ಕ ಒಂದು ಸಂಖ್ಯೆ ಇರುತ್ತದೆ, ಅದು ಲೋಡ್ ಇಂಡೆಕ್ಸ್. 79 ಎಂದಿದ್ದರೆ ಒಂದು ಟಯರ್ 437 ಕೆ.ಜಿ. ತಾಳುತ್ತದೆ, 90 ಎಂದಿದ್ದರೆ 600 ಕೆ.ಜಿ. ಗೂಡ್ಸ್ ಟಯರ್‌ಗಳಲ್ಲಿ 90/88 ಎಂದು ಎರಡು ಸಂಖ್ಯೆ ಕಂಡರೆ ಮೊದಲನೆಯದು ಒಂಟಿ ಚಕ್ರಕ್ಕೆ, ಎರಡನೆಯದು ಜೋಡಿ ಚಕ್ರಕ್ಕೆ.

ನಿಜವಾದ ಅಪಾಯ ಇರುವುದು ಇಲ್ಲಿ. 13 ಇಂಚಿನ ರಿಮ್‌ಗೆ 155 ಅಗಲದ ಕಾರಿನ ಟಯರೂ ಕೂರುತ್ತದೆ, ಅದೇ ಅಗಲದ ಗೂಡ್ಸ್ ಟಯರೂ ಕೂರುತ್ತದೆ. ಕಾರಿನದ್ದು ಸಾಮಾನ್ಯವಾಗಿ 79, ಗೂಡ್ಸ್‌ನದ್ದು 90. ಅಂದರೆ ಒಂದು ಚಕ್ರಕ್ಕೆ 163 ಕೆ.ಜಿ. ವ್ಯತ್ಯಾಸ, ಹೆಚ್ಚುಕಡಿಮೆ ನಾಲ್ಕು ಮೂಟೆ ಕಡಲೆಕಾಯಿ. ಲೋಡ್ ಹಾಕಿದಾಗ ಭಾರ ಹೆಚ್ಚು ಬೀಳುವುದು ಹಿಂದಿನ ಚಕ್ರಗಳ ಮೇಲೆ. ಹಿಂದಿನ ಆಕ್ಸಲ್ ಮೇಲೆ 1,200 ಕೆ.ಜಿ. ಬಿದ್ದರೆ ಒಂದೊಂದು ಟಯರ್ 600 ಕೆ.ಜಿ. ಹೊರಬೇಕು. ಅಲ್ಲಿ ಕಾರಿನ ಟಯರ್ ಇದ್ದರೆ ಏನಾಗುತ್ತದೆಂದು ಬಿಡಿಸಿ ಹೇಳಬೇಕಿಲ್ಲ. ಬೆಲೆ ನೋಡಿ ಅಥವಾ ಸ್ಟಾಕ್ ಇದೆ ಎಂದು ಟಯರ್ ಆರಿಸುವಾಗ ಬಹಳ ಜನ ರಿಮ್ ಅಳತೆಯನ್ನಷ್ಟೇ ಹೊಂದಿಸಿ ಸುಮ್ಮನಾಗುತ್ತಾರೆ.

ಸೈಜ್ ದೊಡ್ಡದಾದರೆ ಏನಾಗುತ್ತದೆ?

155/80 ಆರ್ 13 ಎಂದರೆ 155 ಮಿ.ಮೀ. ಅಗಲ, ಅದರ ಶೇ 80ರಷ್ಟು ಮಗ್ಗುಲ ಎತ್ತರ, 13 ಇಂಚಿನ ರಿಮ್. ಒಟ್ಟು ಎತ್ತರ ಸುಮಾರು 578 ಮಿ.ಮೀ. ಇದರ ಬದಲು 175/80 ಹಾಕಿದರೆ 610 ಮಿ.ಮೀ. ಆಗುತ್ತದೆ, ಅಂದರೆ ಶೇ 5.5ರಷ್ಟು ದೊಡ್ಡದು. ಮೋಟಾರ್ ಅದೇ, ಗೇರ್ ಅನುಪಾತವೂ ಅದೇ, ಹಾಗಾಗಿ ಚಕ್ರ ನೆಲವನ್ನು ತಳ್ಳುವ ಬಲ ಸುಮಾರು ಶೇ 5ರಷ್ಟು ಇಳಿಯುತ್ತದೆ. ಲೋಡ್ ಹೊತ್ತು ಏರು ಹತ್ತುವಾಗ ಆ ಕೊರತೆಯನ್ನು ಬ್ಯಾಟರಿಯಿಂದ ಹೆಚ್ಚು ಕರೆಂಟ್ ಎಳೆದೇ ತುಂಬಬೇಕು. ಸ್ಪೀಡೋಮೀಟರ್ ಕೂಡ ಸುಳ್ಳು ಹೇಳತೊಡಗುತ್ತದೆ. ನೀವು ನಿಜಕ್ಕೂ 100 ಕಿ.ಮೀ. ಓಡಿಸಿದರೂ ಮೀಟರ್ ತೋರಿಸುವುದು ಸುಮಾರು 95.

ಇದೇ ಲೆಕ್ಕ ತಿರುಗಿಸಿದರೆ ಇನ್ನೊಂದು ಗೊಂದಲವೂ ಬಗೆಹರಿಯುತ್ತದೆ. "ಹೊಸ ಟಯರ್ ಹಾಕಿಸಿದ ಮೇಲೆ ರೇಂಜ್ ಬಿದ್ದುಹೋಯ್ತು, ಬ್ಯಾಟರಿ ಕೆಟ್ಟಿದೆ" ಎನ್ನುವವರಿದ್ದಾರೆ. ಸವೆದ ಟಯರ್ 7 ಮಿ.ಮೀ. ತೆಳುವಾಗಿದ್ದರೆ ಅದರ ಎತ್ತರ 14 ಮಿ.ಮೀ. ಕಡಿಮೆ, ಹಾಗಾಗಿ ಮೀಟರ್ ಶೇ 2ಕ್ಕೂ ಹೆಚ್ಚು ಜಾಸ್ತಿ ಓಡುತ್ತಿರುತ್ತದೆ. ಜೊತೆಗೆ ತೆಳುವಾದ ರಬ್ಬರ್ ಕಡಿಮೆ ಬಾಗುವುದರಿಂದ ಉರುಳಲು ಹಗುರ. ಹೊಸದಕ್ಕೆ ಇವೆರಡೂ ಇಲ್ಲ. ಬ್ಯಾಟರಿಯನ್ನು ಬೈಯುವ ಮೊದಲು ಕೆಲವು ವಾರ ನೋಡಿ.

ದೊಡ್ಡ ಅಲಾಯ್ ಚಕ್ರದ ಆಸೆ ಬೇರೆ ಕೆಲವರಿಗೆ. ರಿಮ್ ದೊಡ್ಡದಾಗಿ ಟಯರ್‌ನ ಮಗ್ಗುಲು ಗಿಡ್ಡವಾದರೆ ಒಳಗಿನ ಗಾಳಿ ಕಡಿಮೆಯಾಗುತ್ತದೆ, ಗುಂಡಿಗೆ ಬಿದ್ದ ಪೆಟ್ಟು ನೇರ ರಿಮ್‌ಗೆ. ಗೂಡ್ಸ್ ಗಾಡಿಗೆ ಇದರಿಂದ ನಯಾಪೈಸೆ ಲಾಭ ಕಾಣುವುದಿಲ್ಲ.

ಅಚ್ಚು ಎಳೆಯುವ ಕರೆಂಟ್

ಅಮೆರಿಕದ ರಿವಿಯನ್ ಕಂಪನಿ ತನ್ನ ಎಲೆಕ್ಟ್ರಿಕ್ ಪಿಕಪ್‌ಗೆ 20, 21, 22 ಇಂಚಿನ ಚಕ್ರಗಳನ್ನು ಕೊಟ್ಟಿತು. ಸಣ್ಣ ಚಕ್ರವೇ ಹೆಚ್ಚು ದೂರ ಓಡಬೇಕಲ್ಲವೇ? ಹಾಗಾಗಲಿಲ್ಲ. 20 ಇಂಚಿನದ್ದು ಕಚ್ಚಾ ದಾರಿಗೆಂದು ಮಾಡಿದ ಒರಟು ಅಚ್ಚಿನ ಟಯರ್, ಅದರ ರೇಂಜ್ 21 ಇಂಚಿನ ರಸ್ತೆ ಟಯರ್‌ಗಿಂತ ಕಡಿಮೆ.

ನಮ್ಮ ಗಾಡಿಗೆ ಲೆಕ್ಕ ಹಾಕೋಣ. ಲೋಡ್ ಸೇರಿ 2 ಟನ್ ತೂಗುವ ಗಾಡಿಯನ್ನು ಸಮತಟ್ಟು ರಸ್ತೆಯಲ್ಲಿ ಉರುಳಿಸಲು ಸುಲಭವಾಗಿ ಉರುಳುವ ಟಯರ್‌ಗೆ ತೂಕದ ಶೇ 1ರಷ್ಟು, ಅಂದರೆ 20 ಕೆ.ಜಿ.ಯ ಎಳೆತ ಬೇಕು ಎಂದಿಟ್ಟುಕೊಳ್ಳಿ. ಒರಟು ಅಚ್ಚಿನದ್ದಕ್ಕೆ ಶೇ 1.3 ಆದರೆ 26 ಕೆ.ಜಿ. ಬರೀ 6 ಕೆ.ಜಿ. ವ್ಯತ್ಯಾಸ, ಆದರೆ 100 ಕಿ.ಮೀ. ದೂರಕ್ಕೆ ಅದು 1.6 ಯೂನಿಟ್. 21.3 ಯೂನಿಟ್ ಬ್ಯಾಟರಿಯಲ್ಲಿ ಶೇ 7ಕ್ಕಿಂತ ಹೆಚ್ಚು ಹೀಗೇ ಕರಗಿತು. ಮೊದಲೇ ಹೇಳಿದ ಎಂಟು-ಹತ್ತು ಕಿಲೋಮೀಟರ್ ಇದೇ.

ಹಾಗಾಗಿ ಶಿರಾದವರು ರಾಷ್ಟ್ರೀಯ ಹೆದ್ದಾರಿ 48ರಲ್ಲೇ ಹೆಚ್ಚು ಓಡಿಸುವುದಾದರೆ ಉದ್ದ ಗೆರೆಗಳ ರಸ್ತೆ ಟಯರ್ ಸಾಕು. ದಿನವೂ ತೋಟದ ದಾರಿ, ಜಲ್ಲಿ, ಕೆಸರು ದಾಟುವವರಿಗೆ ಒರಟು ಅಚ್ಚು ಬೇಕಾದೀತು, ರೇಂಜ್ ಕಡಿಮೆಯಾಗುವುದನ್ನು ಒಪ್ಪಿಕೊಂಡೇ ಕೊಳ್ಳಬೇಕು. "ಇವಿ ಟಯರ್" ಎಂಬ ಹೆಸರೇ ಇರಬೇಕೆಂದಿಲ್ಲ. ಲೋಡ್ ಇಂಡೆಕ್ಸ್ ಸರಿಯಿದ್ದು, ಸುಲಭವಾಗಿ ಉರುಳುವ ಯಾವ ಗೂಡ್ಸ್ ಟಯರ್ ಆದರೂ ನಡೆಯುತ್ತದೆ.

ಬೇಸಿಗೆಯಲ್ಲಿ ಗಾಳಿ ಇಳಿಸಬೇಕೇ?

ಬೇಡ. ಏಪ್ರಿಲ್ ಬಿಸಿಲಲ್ಲಿ ಟಯರ್ ಸಿಡಿಯುತ್ತದೆಂದು ಗಾಳಿ ಕಡಿಮೆ ಮಾಡುವ ಅಭ್ಯಾಸ ಅಪಾಯಕಾರಿ. ತಾಪಮಾನ 10 ಡಿಗ್ರಿ ಏರಿದರೆ ಒತ್ತಡ ಏರುವುದು ಒಂದೆರಡು ಪಿಎಸ್‌ಐ ಅಷ್ಟೇ, ಟಯರ್ ಅದನ್ನು ತಾಳುವಂತೆಯೇ ತಯಾರಾಗಿರುತ್ತದೆ. ಗಾಳಿ ಕಡಿಮೆಯಿದ್ದರೆ ಮಗ್ಗುಲು ಪ್ರತಿ ಸುತ್ತಿಗೂ ಜಾಸ್ತಿ ಬಾಗಿ ಒಳಗೊಳಗೇ ಕಾಯುತ್ತದೆ. ಸಿಡಿಯುವುದಕ್ಕೆ ಈ ಕಾವೇ ದೊಡ್ಡ ಕಾರಣ, ಕರೆಂಟ್ ಖರ್ಚೂ ಹೆಚ್ಚು. ಗಾಡಿಯ ಮೇಲಿನ ಚೀಟಿಯಲ್ಲಿರುವ ಅಂಕಿಯಂತೆ, ಬೆಳಿಗ್ಗೆ ಹೊರಡುವ ಮುನ್ನ ಟಯರ್ ತಣ್ಣಗಿರುವಾಗ ಗಾಳಿ ನೋಡಿಸಿ. ನೈಟ್ರೋಜನ್‌ಗೆ ದುಡ್ಡು ಕೊಡುವ ಮೊದಲು ನೆನಪಿರಲಿ, ಮಾಮೂಲಿ ಗಾಳಿಯಲ್ಲೇ ಶೇ 78 ನೈಟ್ರೋಜನ್ ಇದೆ.

ಅಳತೆ ಬದಲಿಸುವವರಿಗೆ ಕಾನೂನಿನ ತೊಡಕೂ ಇದೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ತಯಾರಕರ ಮೂಲ ವಿವರಕ್ಕೆ ವಿರುದ್ಧವಾಗಿ ಗಾಡಿಯನ್ನು ಮಾರ್ಪಡಿಸುವಂತಿಲ್ಲ. ಕೇರಳದ ಪ್ರಕರಣವೊಂದರಲ್ಲಿ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿಯಿತು. ಅಪಘಾತವಾದ ದಿನ ವಿಮೆಯವರು ಮೊದಲು ಹುಡುಕುವುದೇ ಇಂಥದ್ದನ್ನು.

ಅಂಗಡಿಯಲ್ಲಿ ಐಎಸ್‌ಐ ಗುರುತಿನ ಜೊತೆ ತಯಾರಿಕೆಯ ದಿನಾಂಕವನ್ನೂ ನೋಡಿ. ನಾಲ್ಕು ಅಂಕಿಯಲ್ಲಿ 2324 ಎಂದಿದ್ದರೆ 2024ರ 23ನೇ ವಾರ ಎಂದರ್ಥ. ಒಂದೇ ಆಕ್ಸಲ್‌ನ ಎರಡೂ ಟಯರ್ ಒಂದೇ ಬಗೆಯದಿರಲಿ. ಪಾವಗಡ, ಶಿರಾ ಕಡೆ ಎಲ್ಲಿ ಗಾಡಿ ತಿರುಗಿಸಿದರೂ ಬಳ್ಳಾರಿ ಜಾಲಿಯ ಮುಳ್ಳು. ಟ್ಯೂಬ್‌ಲೆಸ್ ಟಯರ್‌ಗೆ ಅದು ಚುಚ್ಚಿದರೆ ಅಲ್ಲೇ ಕಿತ್ತು ಬಿಸಾಡಬೇಡಿ, ಮುಳ್ಳೇ ಎಷ್ಟೋ ಸಲ ತೂತು ಮುಚ್ಚಿಕೊಂಡಿರುತ್ತದೆ. ಗಾಳಿ ನಿಂತಿದ್ದರೆ ನಿಧಾನವಾಗಿ ಪಂಕ್ಚರ್ ಅಂಗಡಿಯವರೆಗೆ ಹೋಗಿ ಕೀಳಿಸಿ.