ನಗಿಸುವವನು ಹೆದರಿಸಬಾರದೇ?

ಬಸ್ಸಿನಲ್ಲಾಗಲಿ, ಚಾ ಅಂಗಡಿಯಲ್ಲಾಗಲಿ ಸಿನಿಮಾ ಮಾತು ಬಂತೆಂದರೆ ಒಂದು ತೀರ್ಪು ರೆಡಿಯಾಗಿರುತ್ತೆ: 'ಅವನಾ? ಕಾಮಿಡಿಯವ, ಬಿಡ್ರೀ!' ಹಾಸ್ಯನಟ ಎಂದರೆ ಹೀರೋ ಹಿಂದೆ ಓಡಾಡಬೇಕು, ಕೆಸರಿನಲ್ಲಿ ಬೀಳಬೇಕು, ಕಪಾಳಕ್ಕೆ ಏಟು ತಿನ್ನಬೇಕು. ಇಂಟರ್‌ವಲ್‌ಗೆ ಮುಂಚೆ ನಾಲ್ಕು ಸಲ ನಗಿಸಿದರೆ ಅವನ ಕೆಲಸ ಮುಗೀತು. ಅಂಥವನು ಕೊಲೆಗಾರನ ಪಾತ್ರ ಮಾಡ್ತಾನೆ ಎಂದರೆ ಅದಕ್ಕೂ ನಗುವುದೇ ಜನರ ರೂಢಿ.

ಈ ರೂಢಿಗೆ ತಕ್ಕ ಉತ್ತರ ಪಕ್ಕದ ಕೇರಳದಲ್ಲಿ ಸಿಕ್ಕಿದೆ. ಕೊಟ್ಟವರು ಒಬ್ಬ ದರ್ಜಿ.

ತಿರುವನಂತಪುರದ ಸುರೇಂದ್ರನ್ ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟವರು. ಕಾರಣ ಮನೆಯ ಬಡತನ. ಕೈಗೆ ಬಂದದ್ದು ಕತ್ತರಿ ಮತ್ತು ಹೊಲಿಗೆ ಮಿಷನ್ನು. ಸಿನಿಮಾದವರಿಗೆ ಬಟ್ಟೆ ಹೊಲಿಯಲು ಹೋದವರು ನಿಧಾನಕ್ಕೆ ಪರದೆಯ ಮೇಲೂ ಬಂದರು. ಟೈಲರ್ ಅಂಗಡಿಯ ಹೆಸರು 'ಇಂದ್ರನ್ಸ್'; ಅದೇ ಅವರ ಹೆಸರೂ ಆಯ್ತು. 1990ರ ದಶಕದ ಮಲಯಾಳ ಚಿತ್ರಗಳಲ್ಲಿ ಅವರ ಸಣಕಲು ಮೈ ಕಂಡರೆ ಸಾಕು, ಥಿಯೇಟರು ನಗುತ್ತಿತ್ತು. 'ಕೊಡೆ ಕಡ್ಡಿ' ಎಂಬ ಅಡ್ಡಹೆಸರೂ ಬಿತ್ತು. ಆ ಮೈಯೇ ಅವರ ಅನ್ನ, ಆ ಮೈಯೇ ಅವರ ಬೇಲಿ.

2020ರ ಜನವರಿಯಲ್ಲಿ ಮಿಥುನ್ ಮ್ಯಾನುಯೆಲ್ ಥಾಮಸ್ ನಿರ್ದೇಶನದ 'ಅಂಜಾಂ ಪಾದಿರಾ' ತೆರೆಗೆ ಬಂತು. ಸರಣಿ ಕೊಲೆಯ ಕತೆ. ಕುಂಚಾಕೋ ಬೋಬನ್ ವಹಿಸಿದ ಅಪರಾಧ ಮನಶ್ಶಾಸ್ತ್ರಜ್ಞನ ಪಾತ್ರ ಜೈಲಿಗೆ ಹೋಗಿ ರಿಪ್ಪರ್ ರವಿ ಎಂಬ ಕೊಲೆಗಾರನೆದುರು ಕೂರುತ್ತದೆ. ಆ ರವಿಯೇ ಇಂದ್ರನ್ಸ್! ಇರುವುದು ಸ್ವಲ್ಪವೇ ಹೊತ್ತು. ಕೂಗಾಟವಿಲ್ಲ, ಕಣ್ಣು ಕೆಕ್ಕರಿಸುವುದಿಲ್ಲ. ಕೊಲೆಯ ಮಾತನ್ನು ಸಂತೆಯ ಸುದ್ದಿಯಷ್ಟು ಸಲೀಸಾಗಿ ಆಡ್ತಾನೆ. ನಗಲು ಬಾಯಿ ತೆರೆದ ಪ್ರೇಕ್ಷಕ ಹಾಗೇ ಬಾಯಿ ಮುಚ್ಚಬೇಕು.

ಇದರಲ್ಲಿ ಮಾಯೆ ಏನೂ ಇಲ್ಲ. ಯಾವ ಮಾತು ಯಾವ ಕ್ಷಣಕ್ಕೆ ಬೀಳಬೇಕು, ಎಷ್ಟು ಹೊತ್ತು ಸುಮ್ಮನಿರಬೇಕು ಎಂಬ ಲೆಕ್ಕ ಹಾಸ್ಯನಟನಿಗೆ ರಕ್ತಗತ. ಹೆದರಿಸುವುದಕ್ಕೆ ಬೇಕಾದದ್ದೂ ಅದೇ ಲೆಕ್ಕ. ಜತೆಗೆ, ನಗಿಸುವವನನ್ನು ಜನ ನಂಬಿ ಕೂತಿರ್ತಾರೆ. ನಂಬಿದ ಕಡೆಯಿಂದ ಬಂದ ಏಟೇ ಜೋರು. ಹಾಲಿವುಡ್ಡಿನಲ್ಲಿ ರಾಬಿನ್ ವಿಲಿಯಮ್ಸ್ 2002ರಲ್ಲಿ 'ಒನ್ ಅವರ್ ಫೋಟೋ' ಚಿತ್ರದಲ್ಲಿ ಮಾಡಿದ್ದೂ ಇದನ್ನೇ. ಗಿರಾಕಿಗಳ ಫೋಟೋ ತೊಳೆದು ಕೊಡುವ ಸೌಮ್ಯ ನೌಕರ ಒಂದು ಸಂಸಾರದ ಬೆನ್ನು ಹತ್ತುವ ಕತೆ ಅದು.

ಕನ್ನಡಿಗರಿಗೆ ಇದು ಹೊಸತೇ? ಅರಸೀಕೆರೆಯ ಟಿ.ಎನ್. ಬಾಲಕೃಷ್ಣ ಕಿವಿ ಕೇಳಿಸದಿದ್ದರೂ ಒಂದು ಚಿತ್ರದಲ್ಲಿ ನಗಿಸಿ, ಇನ್ನೊಂದರಲ್ಲಿ ಖಳನಾಗಿ ಶಾಪ ಹಾಕಿಸಿಕೊಂಡವರು. ಅದನ್ನು ಕಂಡ ನಾಡೇ ಈಗ ನಟರಿಗೆ ಚೀಟಿ ಅಂಟಿಸಿ ಕೂತಿದೆ.

ಚೀಟಿಯ ಗುಣ ಗಟ್ಟಿ. ಇಂದ್ರನ್ಸ್‌ಗೆ 2017ರ ಸಾಲಿನ ಕೇರಳದ ಶ್ರೇಷ್ಠ ನಟ ಪ್ರಶಸ್ತಿ 'ಆಳೊರುಕ್ಕಂ' ಚಿತ್ರಕ್ಕಾಗಿ ಬಂದಿತ್ತು. ಆದರೂ 2022ರ ಡಿಸೆಂಬರಿನಲ್ಲಿ ಅಲ್ಲಿನ ವಿಧಾನಸಭೆಯಲ್ಲಿ ಸಂಸ್ಕೃತಿ ಸಚಿವರೇ, ಕಾಂಗ್ರೆಸ್ ಪಕ್ಷ ಅಮಿತಾಭ್ ಬಚ್ಚನ್ ಎತ್ತರದಿಂದ ಇಂದ್ರನ್ಸ್ ಅಳತೆಗೆ ಇಳಿದಿದೆ ಎಂದು ಗೇಲಿ ಮಾಡಿದರು. ಗದ್ದಲವಾದ ಮೇಲೆ ಮಾತು ಹಿಂತೆಗೆದುಕೊಂಡರು. ಪ್ರಶಸ್ತಿ ಪಡೆದವನ ಗತಿಯೇ ಇದಾದರೆ ಪಡೆಯದವನ ಪಾಡೇನು ಸ್ವಾಮಿ?

ದೂರ ಹೋಗುವುದೇ ಬೇಡ. ಊರಿನ ಗಣೇಶೋತ್ಸವದ ನಾಟಕ ನೋಡಿ. ಸಣಕಲು ಹುಡುಗ, ಉಬ್ಬುಹಲ್ಲಿನವ, ಕುಳ್ಳ, ಡೊಳ್ಳುಹೊಟ್ಟೆಯವ, ಎಲ್ಲರಿಗೂ ಪಾತ್ರ ಮೊದಲೇ ನಿಗದಿ. ಓದಿಸಿ ನೋಡುವವರೇ ಇಲ್ಲ. ರಂಗದ ಮೇಲೆ ಮಾತ್ರವೇ? ಅಂಗಡಿಯಲ್ಲಿ ಗಿರಾಕಿಗಳನ್ನು ನಗಿಸುವ ಹುಡುಗ ಒಂದು ದಿನ 'ಸಾಹುಕಾರ್ರೇ, ಮನಸ್ಸು ಸರಿಯಿಲ್ಲ' ಎಂದರೆ ಅದೂ ತಮಾಷೆ ಎಂದೇ ಲೆಕ್ಕ!

ಇಂದ್ರನ್ಸ್ 2024ರಲ್ಲಿ ಏಳನೇ ತರಗತಿಯ ತತ್ಸಮಾನ ಪರೀಕ್ಷೆ ಪಾಸು ಮಾಡಿದರು, ಅರವತ್ತೆಂಟರ ಆಸುಪಾಸಿನಲ್ಲಿ. ತನ್ನ ಅಳತೆ ಇಷ್ಟೇ ಎಂದು ಅವರು ಒಪ್ಪಲಿಲ್ಲ. ಅಳತೆ ಪಟ್ಟಿ ಹಿಡಿದು ಬದುಕಿದವರಲ್ಲವೇ! ಮುಂದಿನ ಸಲ ಹಾಸ್ಯನಟನೊಬ್ಬ ಕತ್ತಲ ಪಾತ್ರದಲ್ಲಿ ಬಂದಾಗ ಸೀಟಿ ಹೊಡೆಯುವ ಮುಂಚೆ ಎರಡು ನಿಮಿಷ ಸುಮ್ಮನೆ ಕೂತು ನೋಡಿ. ಟಿಕೆಟ್ ದುಡ್ಡಂತೂ ಕೊಟ್ಟಾಗಿದೆ.