ಪರದೆಗೆ ತಕ್ಕ ಪುಟ

ಜಾಲಪುಟವನ್ನು ರಚಿಸಹೊರಟ ಶಾಲೆಯಾಗಲಿ ಸಂಘವಾಗಲಿ ಮೊದಲು ಕೇಳುವ ಪ್ರಶ್ನೆ ಒಂದೇ: ಪುಟದ ಅಗಲವೆಷ್ಟಿರಬೇಕು? ಮುದ್ರಣಕ್ಕೆ ಪಳಗಿದ ನಮ್ಮ ಬುದ್ಧಿಗೆ ಇದು ಸಹಜವೇ. ಡೆಮಿ ಅಷ್ಟದಳವೋ ಕ್ರೌನ್ ಅಷ್ಟದಳವೋ ಎಂದು ನಿಶ್ಚಯಿಸದೆ ಮುದ್ರಕನು ಕೆಲಸಕ್ಕೆ ಕೈಹಾಕುವುದಿಲ್ಲ. ಆದರೆ ಕಾಗದವನ್ನು ಆರಿಸುವವನು ಮುದ್ರಕ. ಪರದೆಯನ್ನು ಆರಿಸುವವನು ಓದುಗ. ಭೇದವೆಲ್ಲ ಇಲ್ಲಿದೆ.

ಹಿಂದೆ ಗಣಕಯಂತ್ರದ ಪರದೆ 640 ಬಿಂದು ಅಗಲ, 480 ಬಿಂದು ಎತ್ತರವಿತ್ತು; ಬಳಿಕ 800ಕ್ಕೆ 600, ಆಮೇಲೆ 1024ಕ್ಕೆ 768 ಆಯಿತು. ವಿನ್ಯಾಸಕಾರರು ಆಯಾ ಕಾಲದ ಅಳತೆಗೆ ಪುಟವನ್ನು ಹೊಂದಿಸುತ್ತ ಬಂದರು. 2007ರಲ್ಲಿ ಐಫೋನ್ ಬಂದ ಮೇಲೆ ಆ ಲೆಕ್ಕ ನಿಲ್ಲಲಿಲ್ಲ. 2010ರಲ್ಲಿ ಈಥನ್ ಮಾರ್ಕಾಟ್ ಎಂಬ ಅಮೆರಿಕದ ವಿನ್ಯಾಸಕಾರರು ಬೇರೊಂದು ಮಾರ್ಗವನ್ನು ತೋರಿದರು. ಅಗಲವನ್ನು ಬಿಂದುಗಳಲ್ಲಿ ಕಟ್ಟಿಹಾಕದೆ ಪ್ರಮಾಣದಲ್ಲಿ ಹೇಳಬೇಕು. ಪರದೆ ಕಿರಿದಾದಾಗ ಪಕ್ಕದ ಅಂಕಣ ಕೆಳಗಿಳಿಯಬೇಕು. ನೀರು ಪಾತ್ರೆಯ ಆಕಾರವನ್ನು ತಾಳುವಂತೆ ಪುಟವು ಪರದೆಯ ಆಕಾರವನ್ನು ತಾಳಬೇಕು.

1080 ಬಿಂದು ಅಗಲದ್ದೆಂದು ಮಾರುವ ಮೊಬೈಲು ಪುಟದ ಲೆಕ್ಕಕ್ಕೆ ಅನೇಕ ವೇಳೆ 360 ಬಿಂದು ಮಾತ್ರ. ಮೂರು ಸೂಕ್ಷ್ಮ ಬಿಂದುಗಳ ಅಗಲವನ್ನು ಅದು ಒಂದೆಂದು ಎಣಿಸುತ್ತದೆ. ಪುಟದ ಅಗಲ ಸಾಧನದ ಅಗಲಕ್ಕೆ ಸಮವೆಂಬ ‘ವ್ಯೂಪೋರ್ಟ್’ ಸೂಚನೆಯನ್ನೂ ಪುಟದ ತಲೆಭಾಗದಲ್ಲಿ ಬರೆದಿರಬೇಕು. ಅದಿಲ್ಲವಾದರೆ ಮೊಬೈಲು ದೊಡ್ಡ ಪುಟವೆಂದೇ ಭಾವಿಸಿ ಎಲ್ಲವನ್ನೂ ಕುಗ್ಗಿಸುತ್ತದೆ. ಅಕ್ಷರಗಳು ಎಳ್ಳಿನ ಕಾಳಾಗುತ್ತವೆ.

ಪುಟದೊಳಗೆ ಕೂರಿಸುವ ರೇಖಾಗಣಿತದ ಆಟ, ಭೂಪಟ, ರಸಪ್ರಶ್ನೆಗಳದು ಇನ್ನೂ ಕಠಿಣ ಸಮಸ್ಯೆ. 800ಕ್ಕೆ 600ರ ಚೌಕಟ್ಟನ್ನು 360ರ ಪರದೆಯಲ್ಲಿಟ್ಟರೆ ಅರ್ಧಕ್ಕಿಂತ ಹೆಚ್ಚು ಭಾಗ ಹೊರಗುಳಿಯುತ್ತದೆ. ಪ್ರಮಾಣ ಕಾಯ್ದು ಕುಗ್ಗಿಸಿದರೆ ಎತ್ತರ 270 ಆಗುತ್ತದೆ. ಚಿತ್ರವೇನೋ ಪೂರ್ತಿ ಕಾಣುತ್ತದೆ. ಆದರೆ 40 ಬಿಂದುವಿನ ಗುಂಡಿ 18ಕ್ಕೆ ಇಳಿಯುತ್ತದೆ. ಬೆರಳಿಗೆ ಕನಿಷ್ಠ 24 ಬೇಕೆಂಬುದು 2023ರ ಅಂತರರಾಷ್ಟ್ರೀಯ ಮಾರ್ಗಸೂಚಿ. ಆದ್ದರಿಂದ ಕುಗ್ಗಿಸುವುದಷ್ಟೇ ಸಾಲದು; ಕಿರಿಯ ಪರದೆಯಲ್ಲಿ ಗುಂಡಿಗಳನ್ನು ಚಿತ್ರದ ಕೆಳಗೆ ಪೂರ್ಣ ಗಾತ್ರದಲ್ಲಿ ಮರುಜೋಡಿಸಬೇಕು. ಹಳೆಯ ಫ್ಲ್ಯಾಶ್ ಪಾಠಗಳನ್ನಂತೂ ಹೊಸದಾಗಿ ರಚಿಸಲೇಬೇಕು. ಫ್ಲ್ಯಾಶ್‌ಗೆ ಬೆಂಬಲ 2020ರ ಡಿಸೆಂಬರ್ 31ಕ್ಕೆ ಮುಗಿಯಿತು.

ಕನ್ನಡಕ್ಕೆ ಮತ್ತೊಂದು ಎಚ್ಚರ ಅಗತ್ಯ. ನಮ್ಮ ಒತ್ತಕ್ಷರಗಳು ಸಾಲಿನ ಕೆಳಗಿಳಿಯುತ್ತವೆ. ಸಾಲುಗಳ ನಡುವೆ ಧಾರಾಳವಾದ ಅಂತರವಿಲ್ಲದಿದ್ದರೆ ಕೆಳಸಾಲಿನ ತಲೆಕಟ್ಟಿಗೆ ತಾಗುತ್ತವೆ. ಸಮಾಸಪದಗಳು ದೀರ್ಘವಾದ್ದರಿಂದ ಕಿರಿದಾದ ಅಂಕಣವನ್ನು ಮೀರಿ ಹೊರಚಾಚುವುದೂ ಉಂಟು.

ಇದು ಬರಿಯ ಅಂದದ ಮಾತೆಂದು ವಾಚಕರು ತಿಳಿಯಬಾರದು. ಗಡಿಯಾಚೆಯ ನಮ್ಮ ಮಗುವಿಗೆ ಬೀದಿಯ ಫಲಕ ಬೇರೊಂದು ಭಾಷೆಯದು, ಅಂಗಡಿಯ ಮಾತೂ ಬೇರೆ. ಸಂಜೆ ತಂದೆಯ ಮೊಬೈಲಿನಲ್ಲಿ ತೆರೆದ ಕನ್ನಡ ಪಾಠವನ್ನು ಎಡಕ್ಕೂ ಬಲಕ್ಕೂ ಎಳೆದಾಡಿಯೇ ಓದಬೇಕಾದರೆ, ಅದು ಸಲೀಸಾಗಿ ತೆರೆಯುವ ಮತ್ತೊಂದು ಭಾಷೆಯ ಪಾಠಕ್ಕೆ ಹೋಗುತ್ತದೆ. ತಪ್ಪು ಮಗುವಿನದಲ್ಲ.

ಆದಕಾರಣ ಪುಟ ಸಿದ್ಧವಾದೊಡನೆ ಕಚೇರಿಯ ದೊಡ್ಡ ಪರದೆಯಲ್ಲಿ ನೋಡಿ ತೃಪ್ತರಾಗುವುದು ಬೇಡ. ಊರಿನ ಅತ್ಯಂತ ಅಗ್ಗದ ಮೊಬೈಲನ್ನು ತರಿಸಿ, 320 ಬಿಂದುವಿನ ಅಗಲದಲ್ಲೂ ಅಡ್ಡ ಎಳೆಯದೆ ಓದಬಹುದೇ, ಗುಂಡಿ ಬೆರಳಿಗೆ ಸಿಕ್ಕುವುದೇ ಎಂದು ಪರೀಕ್ಷಿಸೋಣ. ಕಡೆಯ ಬೆಂಚಿನ ಹುಡುಗನಿಗೆ ಕಂಡ ಕರಿಹಲಗೆ ತರಗತಿಗೆಲ್ಲ ಕಾಣುತ್ತದೆ.